ಕತ್ತಲ ಕಡಲಿನಲ್ಲಿ ದೀಪದ ಮಿತಿ

ಇರುಳಿನ ಕಡಲಲ್ಲಿ ಬದುಕುವ ಜೀವಿಗಳನ್ನು ಕಾಣಲು ಬೆಳಕು ಬೇಕು; ಆದರೆ ಬೆಳಕು ಬಿದ್ದೊಡನೆ ಆ ಜೀವಿಗಳ ನಡೆಯೇ ಬದಲಾಗುತ್ತದೆ. ಹೀಗಿರುವಾಗ ಮನುಷ್ಯನ ಕುತೂಹಲಕ್ಕಾಗಿ ರಾತ್ರಿಯ ಸಮುದ್ರವನ್ನು ಬೆಳಗಿಸುವುದು ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆಯನ್ನು, ಎರಡು ಬಗೆಯ ರಾತ್ರಿ ಡೈವಿಂಗ್ ಒಂದೇ ಕಡೆ ಬೆಳೆದಿರುವ ಹವಾಯಿಯ ಕೋನಾ ಕರಾವಳಿಯನ್ನು ಮುಂದಿಟ್ಟುಕೊಂಡು ಪರಿಶೀಲಿಸಬಹುದು.

ಮೊದಲನೆಯದು ಮಾಂಟಾ ದರ್ಶನ. ನಮ್ಮ ಕರಾವಳಿಯವರು ತೊರಕೆ ಎಂದು ಕರೆಯುವ ಚಪ್ಪಟೆ ಮೀನುಗಳ ಬಳಗಕ್ಕೆ ಸೇರಿದ, ಆದರೆ ಬಾಲದಲ್ಲಿ ಮುಳ್ಳಿಲ್ಲದ ಈ ಬೃಹತ್ ಮೀನು, ನೀರಿನಲ್ಲಿ ತೇಲುವ ಅತಿಸಣ್ಣ ಜೀವಿಗಳಾದ ಪ್ಲವಕಗಳನ್ನು ಸೋಸಿ ತಿನ್ನುತ್ತದೆ. 1970ರ ದಶಕದಲ್ಲಿ ಕಡಲಂಚಿನ ಹೋಟೆಲೊಂದು ನೀರಿನ ಮೇಲೆ ದೀಪ ಹಾಯಿಸಿದಾಗ ಪ್ಲವಕಗಳು ಆ ಬೆಳಕಿಗೆ ಮುತ್ತಿಕೊಂಡವು, ಅವನ್ನರಸಿ ಮಾಂಟಾಗಳೂ ಬಂದವು. ಇಂದು ತಳದಲ್ಲಿ ದೀಪಗಳನ್ನು ನೆಟ್ಟು, ಅದೇ ಕ್ರಮವನ್ನು ಇರುಳಿರುಳೂ ನಡೆಸಲಾಗುತ್ತಿದೆ. ಬಾಯಿ ತೆರೆದು ಮಗುಚಿ ಮಗುಚಿ ಸುತ್ತುವ ಆ ಮೀನಿನ ಚಂದವನ್ನು ಒಪ್ಪಲೇಬೇಕು. ಆದರೂ ಇದನ್ನು ಬರಿಯ ನೋಟವೆಂದು ಕರೆಯಲಾಗದು, ಏಕೆಂದರೆ ಇಲ್ಲಿ ಪ್ರೇಕ್ಷಕನೇ ಊಟ ಬಡಿಸುತ್ತಿದ್ದಾನೆ.

ಬೆಳಕಿನ ಈ ಶಕ್ತಿ ಕರ್ನಾಟಕದ ಮೀನುಗಾರರಿಗೆ ಹೊಸದಲ್ಲ. ಪ್ರಖರ ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗ್ ತಮ್ಮ ಪಾಲನ್ನು ಬರಿದು ಮಾಡುತ್ತದೆಂದು ಸಾಂಪ್ರದಾಯಿಕ ಮೀನುಗಾರರು ಹೋರಾಡಿದ್ದಾರೆ, ಕೇಂದ್ರ ಸರ್ಕಾರ 2017ರಲ್ಲಿ ಅದನ್ನು ನಿಷೇಧಿಸಿದೆ. ಹಿಡಿಯುವುದಕ್ಕೂ ನೋಡುವುದಕ್ಕೂ ಇರುವ ಅಂತರ ದೊಡ್ಡದೇ, ಆದರೆ ದೀಪಕ್ಕೆ ಆ ಅಂತರ ತಿಳಿಯದು.

ಎರಡನೆಯದು ಬ್ಲ್ಯಾಕ್‌ವಾಟರ್ ಡೈವಿಂಗ್. ಕೋನಾದ ಜ್ವಾಲಾಮುಖಿ ಇಳಿಜಾರು ಕಡಿದಾಗಿರುವುದರಿಂದ ದಡದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಆಳ ಸಾವಿರ ಮೀಟರ್ ದಾಟುತ್ತದೆ. ಅಲ್ಲಿ ತೇಲುವ ದೋಣಿಯಿಂದ ಇಳಿಬಿಟ್ಟ ಹಗ್ಗಕ್ಕೆ ದೇಹವನ್ನು ಕಟ್ಟಿಕೊಂಡು, ಸುಮಾರು 15 ಮೀಟರ್ ಆಳದಲ್ಲಿ ಮುಳುಗುಗಾರರು ಕೆಳಗಿನಿಂದ ಮೇಲೇರಿ ಬರುವ ಜೀವಿಗಳಿಗಾಗಿ ಕಾಯುತ್ತಾರೆ. ಹಗಲಲ್ಲಿ ನೂರಾರು ಮೀಟರ್ ಕೆಳಗೆ ಅಡಗಿದ್ದು, ಕಣ್ಣಿನಿಂದ ಬೇಟೆಯಾಡುವ ಶತ್ರುಗಳನ್ನು ತಪ್ಪಿಸಿ ಕತ್ತಲಲ್ಲಿ ಮೇವಿಗಾಗಿ ಮೇಲೇರುವ ಜೀವರಾಶಿಯ ಈ ದೈನಂದಿನ ಲಂಬ ವಲಸೆಗಿಂತ ದೊಡ್ಡ ವಲಸೆ ಭೂಮಿಯಲ್ಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಶಬ್ದದ ಅಲೆಗಳಿಂದ ಆಳ ಅಳೆಯುವ ಸೋನಾರ್ ಯಂತ್ರಕ್ಕೆ ಈ ಜೀವರಾಶಿಯ ಪದರವೇ ಕಡಲ ತಳದಂತೆ ಕಂಡಿತ್ತು. ಬಲೆಗೆ ಸಿಕ್ಕರೆ ಹರಿದುಹೋಗುವ ಲೋಳೆದೇಹದ ಜೀವಿಗಳನ್ನು, ಗಾಜಿನಂಥ ಮೀನುಮರಿಗಳ ನೂಲಿನಷ್ಟು ತೆಳುವಾದ ರೆಕ್ಕೆಗಳನ್ನು, ಇಲ್ಲಿ ತೆಗೆದ ಛಾಯಾಚಿತ್ರಗಳು ಇಡಿಯಾಗಿ ತೋರಿಸಿವೆ. ಹವ್ಯಾಸಿಗಳೂ ವಿಜ್ಞಾನಿಗಳೂ ಕೂಡಿ ಅಂಥ ಚಿತ್ರಗಳನ್ನು ಸಂಗ್ರಹಿಸಿದ ಮಾದರಿಗಳೊಂದಿಗೆ ಹೋಲಿಸಿ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಈ ಜ್ಞಾನ ಬೇರೆ ದಾರಿಯಿಂದ ಸುಲಭವಾಗಿ ಸಿಗುವಂಥದ್ದಲ್ಲ.

ಆದ್ದರಿಂದ ರಾತ್ರಿ ಡೈವಿಂಗನ್ನೇ ನಿಲ್ಲಿಸಬೇಕೆಂಬ ವಾದ ನಿಲ್ಲುವುದಿಲ್ಲ. ಮಾಂಟಾದ ವಿಷಯದಲ್ಲಿಯೂ ನೋಡುಗರ ಪ್ರೀತಿ ಫಲ ಕೊಟ್ಟಿದೆ: ಅದನ್ನು ಕೊಲ್ಲುವುದನ್ನೂ ಹಿಡಿಯುವುದನ್ನೂ ಹವಾಯಿ ರಾಜ್ಯ 2009ರಲ್ಲಿ ನಿಷೇಧಿಸಿತು. ಕಿವಿರಿನ ಪಟ್ಟಿಗಳಿಗಾಗಿ ಮಾಂಟಾವನ್ನು ಕೊಲ್ಲುವ ವ್ಯಾಪಾರದ ಎದುರಿಗೆ, ಜೀವಂತ ಮಾಂಟಾದಿಂದ ಬರುವ ಪ್ರವಾಸೋದ್ಯಮದ ಆದಾಯ ಬಲವಾದ ವಾದವೇ ಹೌದು. ಆದರೆ ಆದಾಯವೇ ವಾದವಾದಾಗ ದೋಣಿಗಳ ಸಂಖ್ಯೆಗೆ ಕೊನೆಯಿರುವುದಿಲ್ಲ. ಹಲವು ವರ್ಷಗಳಿಗೊಮ್ಮೆ ಸಾಮಾನ್ಯವಾಗಿ ಒಂದೇ ಮರಿ ಹಾಕುವ ಪ್ರಾಣಿಗೆ ದೋಣಿಯ ಪ್ರೊಪೆಲ್ಲರ್‌ನಿಂದಾಗುವ ಗಾಯ, ಮೈಯ ಲೋಳೆಪದರವನ್ನು ಅಳಿಸುವ ಕೈಗಳ ಸ್ಪರ್ಶ ಸಣ್ಣ ಸಂಗತಿಗಳಲ್ಲ. ಬೆಳದಿಂಗಳು ಹೆಚ್ಚಿದ ರಾತ್ರಿ ಲಂಬ ವಲಸೆಯ ಅನೇಕ ಜೀವಿಗಳು ಮೇಲಕ್ಕೆ ಬರದೆ ಆಳದಲ್ಲೇ ಉಳಿಯುತ್ತವೆಂಬುದನ್ನು ನೆನೆದರೆ, ಒಂದು ತಾಣಕ್ಕೆ ಎಷ್ಟು ದೀಪ, ಎಷ್ಟು ದೋಣಿ, ವಾರದಲ್ಲಿ ಎಷ್ಟು ರಾತ್ರಿ ಎಂಬುದನ್ನು ಪ್ರವಾಸಿಗರ ಬೇಡಿಕೆಗೆ ಬಿಡದೆ ಜೀವಿಗಳ ನಡವಳಿಕೆಯ ಅಧ್ಯಯನದಿಂದಲೇ ಗೊತ್ತುಮಾಡಬೇಕು, ದೀಪವಿಲ್ಲದ ಕೆಲವು ರಾತ್ರಿಗಳನ್ನೂ ಆ ಲೆಕ್ಕದಲ್ಲಿ ಸೇರಿಸಬೇಕು.