ಟಿವಿ ಕಣ್ಣು ಮಿಟುಕಿಸುತ್ತಿದೆಯೇ? ಮೊದಲು ಎಣಿಸಿ!

ರಿಮೋಟ್ ಒತ್ತಿದರೆ ಚಿತ್ರವಿಲ್ಲ, ಸದ್ದಿಲ್ಲ. ಟಿವಿಯ ಕೆಳಗಿನ ಅಂಚಿನಲ್ಲಿ ಪುಟ್ಟ ಕೆಂಪು ದೀಪ ಮಾತ್ರ ಪಿಳಿಪಿಳಿ ಅಂತಿದೆ. ಆಗ ಮನೆಯಲ್ಲಿ ಏನೇನಾಗುತ್ತೆ ನಿಮಗೇ ಗೊತ್ತಲ್ಲ? ಮಗ ರಿಮೋಟಿನ ಸೆಲ್ ತೆಗೆದು ಹಲ್ಲಿನಲ್ಲಿ ಕಚ್ಚಿ ಮತ್ತೆ ಹಾಕ್ತಾನೆ. ಅತ್ತೆಯವರು ‘ನಿನ್ನೆ ರಾತ್ರಿ ಚೆನ್ನಾಗೇ ಇತ್ತಲ್ಲಮ್ಮ, ಕೊನೇಲಿ ಆಫ್ ಮಾಡಿದ್ದು ಯಾರು?’ ಅಂತ ವಿಚಾರಣೆ ಶುರು ಮಾಡ್ತಾರೆ. ಯಜಮಾನರು ಎದ್ದು ಬಂದು ಟಿವಿ ಬೆನ್ನಿಗೆ ಎರಡು ಬಾರಿಸಿ, ಗೋಡೆ ಸ್ವಿಚ್ಚನ್ನು ಟಕಟಕ ಅಂತ ಹತ್ತು ಸಲ ಒತ್ತಿ, ‘ಇದು ಮುಗೀತು, ಹೊಸದೇ ತರಬೇಕು’ ಎಂದು ತೀರ್ಪು ಕೊಟ್ಟು ಹೋಗ್ತಾರೆ.

ಪಾಪ, ಆ ದೀಪ ಮಾತ್ರ ಹೇಳಬೇಕಾದ್ದನ್ನು ಹೇಳ್ತಾನೇ ಇರುತ್ತೆ. ಕೇಳಿಸಿಕೊಳ್ಳುವವರು ಯಾರೂ ಇಲ್ಲ.

ಆ ಕೆಲಸವನ್ನು ನೀವೇ ಮಾಡಬೇಕು ಅನ್ನುವುದು ನನ್ನ ವಾದ. ಯಾಕೆ ಅಂದ್ರೆ, ಬೆಳಿಗ್ಗೆ ಹನ್ನೊಂದು ಗಂಟೆಗೆ ಮೆಕ್ಯಾನಿಕ್ ಬಾಗಿಲು ತಟ್ಟಿದಾಗ ಮನೆಯಲ್ಲಿ ಇರುವವರು ಹೆಚ್ಚಾಗಿ ನೀವೇ. ಅವನು ಕೇಳಿದ ಹಣವನ್ನು ಸಾಸಿವೆ ಡಬ್ಬಿಯಿಂದಲೋ ಪರ್ಸಿನಿಂದಲೋ ತೆಗೆದು ಕೊಡುವವರೂ ನೀವೇ. ಆದರೆ ‘ಏನಾಗಿದೆ’ ಅಂತ ಕೇಳಿದರೆ ಬರುವ ಉತ್ತರ, ‘ಸಾರ್ ನಂಬರ್ ಕೊಡಿ ಮೇಡಂ, ಅವ್ರಿಗೇ ಹೇಳ್ತೀನಿ’. ದುಡ್ಡು ಕೊಡುವವರಿಗೆ ಕಾಯಿಲೆ ಹೆಸರು ಹೇಳಲ್ಲ ಅಂದ್ರೆ ಅದೆಂಥಾ ನ್ಯಾಯ ಕಣ್ರೀ?

ಮೊದಲಿಗೆ ದೀಪದ ವಿಷಯ. ಟಿವಿ ಆಫ್ ಇದ್ದಾಗಲೂ ಅದರೊಳಗೆ ಒಂದು ಪುಟ್ಟ ಭಾಗ ಎಚ್ಚರವಾಗಿರುತ್ತೆ, ರಿಮೋಟ್ ಕರೆದರೆ ಓಗೊಡಬೇಕಲ್ಲ. ನೀವು ಆನ್ ಮಾಡಿದಾಗ ಒಳಗಿನ ಕಂಟ್ರೋಲರ್ ಎಲ್ಲ ಕಡೆ ಸರಿಯಾದ ವೋಲ್ಟೇಜ್ ಬಂದಿದೆಯೇ ಎಂದು ನೋಡುತ್ತದೆ. ಎಲ್ಲೋ ಶಾರ್ಟ್ ಆಗಿದೆ, ಎಲ್ಲೋ ವೋಲ್ಟೇಜ್ ಬಿದ್ದಿದೆ ಅನಿಸಿದರೆ ಇನ್ನಷ್ಟು ಸುಟ್ಟು ಹೋಗದಿರಲಿ ಎಂದು ತಾನೇ ಆಫ್ ಆಗಿ, ದೀಪ ಮಿಟುಕಿಸಲು ಶುರು ಮಾಡುತ್ತದೆ. ಇದಕ್ಕೆ ಮೆಕ್ಯಾನಿಕ್‌ಗಳು ‘ಪ್ರೊಟೆಕ್ಷನ್‌ಗೆ ಹೋಗಿದೆ’ ಅಂತಾರೆ. ಹಾಗಾಗಿ ದೀಪ ಮಿಟುಕುತ್ತಿದೆ ಎಂದರೆ ಸೆಟ್ ಸತ್ತಿಲ್ಲ ಎಂದೇ ಅರ್ಥ. ದೀಪವೇ ಇಲ್ಲದಿದ್ದರೆ ಆ ಕಥೆ ಬೇರೆ. ಪ್ಲಗ್, ವೈರು, ಫ್ಯೂಸು ಅಥವಾ ಪವರ್ ಬೋರ್ಡಿನ ಕಡೆ ನೋಡಬೇಕು.

ಮಿಟುಕಿದ್ದೆಲ್ಲ ರೋಗವೂ ಅಲ್ಲ. ರಿಮೋಟ್ ಒತ್ತಿದಾಗ ‘ಕೇಳಿಸ್ತು’ ಅನ್ನುವಂತೆ ಒಂದು ಸಲ ಮಿಟುಕುವ ಸೆಟ್‌ಗಳು ಎಷ್ಟೋ ಇವೆ. ಸ್ಮಾರ್ಟ್ ಟಿವಿಯಾದರೆ ಸಾಫ್ಟ್‌ವೇರ್ ಅಪ್‌ಡೇಟ್ ಆಗುವಾಗಲೂ ಕೆಲವು ಮಾದರಿಗಳಲ್ಲಿ ದೀಪ ಮಿಟುಕುತ್ತದೆ. ಆಗ ಗಾಬರಿಯಾಗಿ ಪ್ಲಗ್ ಕಿತ್ತಿರೋ, ಇಲ್ಲದ ತೊಂದರೆಯನ್ನು ನೀವೇ ಕರೆದು ತಂದಂತೆ. ಪರದೆಯ ಮೇಲೆ ಅಪ್‌ಡೇಟ್ ಎಂಬ ಸೂಚನೆ ಬಂದಿದ್ದರೆ ಮುಗಿಯುವ ತನಕ ಕೈಕಟ್ಟಿ ಕೂರಿ. ಇನ್ನೊಂದು, ಮಿಟುಕುತ್ತಿರುವುದು ಟಿವಿ ದೀಪವೋ, ಪಕ್ಕದ ಸೆಟ್ ಟಾಪ್ ಬಾಕ್ಸ್ ದೀಪವೋ? ನಗಬೇಡಿ. ಬಾಕ್ಸ್‌ಗೆ ಸಿಗ್ನಲ್ ಬರದಿದ್ದದ್ದಕ್ಕೆ ಟಿವಿಯನ್ನು ಆಟೋದಲ್ಲಿ ಹೊತ್ತು ಅಂಗಡಿಗೆ ಒಯ್ದವರಿದ್ದಾರೆ.

ಎಣಿಸುವುದು ಹೇಗೆ?

ದೀಪದ ಎದುರು ಒಂದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಅದು ಒಂದೇ ಸಮನೆ ಮಿಟುಕುತ್ತಿದೆಯೇ, ಅಥವಾ ಇಷ್ಟು ಸಲ ಮಿಟುಕಿ, ಸ್ವಲ್ಪ ನಿಂತು, ಮತ್ತೆ ಅಷ್ಟೇ ಸಲ ಮಿಟುಕುತ್ತಿದೆಯೇ ನೋಡಿ. ಸೋನಿ ಬ್ರಾವಿಯಾ ಸೆಟ್‌ಗಳಲ್ಲಿ ಇದು ಬಹಳ ಸ್ಪಷ್ಟ. ಕೆಂಪು ದೀಪ ಎಷ್ಟು ಸಲ ಮಿಟುಕುತ್ತದೆ ಎಣಿಸಿ, ಸರ್ವಿಸ್‌ನವರಿಗೆ ಆ ಸಂಖ್ಯೆಯನ್ನೇ ಹೇಳಿ ಎಂದು ಅದರ ಕೈಪಿಡಿಗಳಲ್ಲೇ ಬರೆದಿರುತ್ತದೆ. ಮಧ್ಯೆ ಮೂರು ಸೆಕೆಂಡಿನ ಬಿಡುವು ಇರುತ್ತದೆ. ಎರಡು ಮೂರು ಸಲ ಎಣಿಸಿ ಖಾತ್ರಿ ಮಾಡಿಕೊಂಡು, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮೇಲೇ ಬರೆದಿಡಿ. ಮೊಬೈಲಿನಲ್ಲಿ ವಿಡಿಯೋ ತೆಗೆದಿಟ್ಟರೆ ಇನ್ನೂ ಒಳ್ಳೇದು. ಆದರೆ ಪಕ್ಕದ ಮನೆಯವರು ‘ನಮ್ದು ಆರು ಸಲ ಮಿಟುಕಿತ್ತು, ಪ್ಯಾನೆಲ್ ಹೋಗಿತ್ತು’ ಅಂದ್ರೆ ನಿಮ್ಮದೂ ಅದೇ ಅಂತ ಎದೆ ಒಡ್ಕೋಬೇಡಿ. ಸಂಖ್ಯೆಯ ಅರ್ಥ ಕಂಪನಿಗೊಂದು, ಮಾದರಿಗೊಂದು. ಸೆಟ್ಟಿನ ಹಿಂಭಾಗದ ಸ್ಟಿಕ್ಕರಿನಲ್ಲಿರುವ ಮಾಡೆಲ್ ನಂಬರನ್ನೂ ಜೊತೆಗೇ ಬರೆದುಕೊಳ್ಳಿ.

ಇನ್ನು ನೀವೇ ಮಾಡಬಹುದಾದ್ದು. ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ. ಡಿಶ್ ಅಥವಾ ಕೇಬಲ್ ವೈರು, ಸೆಟ್ ಟಾಪ್ ಬಾಕ್ಸಿನಿಂದ ಬರುವ ಎಚ್‌ಡಿಎಂಐ ವೈರು, ಮಕ್ಕಳು ಸಿಕ್ಕಿಸಿ ಮರೆತ ಪೆನ್ ಡ್ರೈವ್ ಎಲ್ಲ ತೆಗೆಯಿರಿ. ಕೆಟ್ಟ ಪೆನ್ ಡ್ರೈವೊಂದೇ ಸಾಕು ಸೆಟ್ಟು ಮುನಿಸಿಕೊಳ್ಳಲು. ಟಿವಿಯ ಮೈಮೇಲೇ ಇರುವ ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಐದು ನಿಮಿಷ ಬಿಟ್ಟು, ಎಕ್ಸ್‌ಟೆನ್ಷನ್ ಬಾಕ್ಸ್ ಇಲ್ಲದೆ ನೇರವಾಗಿ ಗೋಡೆಯ ಪಾಯಿಂಟಿಗೆ ಹಾಕಿ. ನಾಲ್ಕು ಪ್ಲಗ್ ಜೋತುಬಿದ್ದ ಹಳೇ ಎಕ್ಸ್‌ಟೆನ್ಷನ್ ಬಾಕ್ಸ್ ಲೂಸಾಗಿದ್ದರೂ ಇದೇ ಗೋಳು. ರಿಮೋಟಿನ ಸೆಲ್ ತೆಗೆದಿಟ್ಟು ಸೆಟ್ಟಿನ ಬಟನ್ನಿನಿಂದಲೇ ಆನ್ ಮಾಡಿ. ಸಾರು ಚೆಲ್ಲಿ ಅಂಟಿಕೊಂಡ ರಿಮೋಟ್ ಗುಂಡಿ ತಾನಾಗಿ ಸಿಗ್ನಲ್ ಕಳಿಸುತ್ತಿದ್ದರೂ ದೀಪ ಮಿಟುಕುತ್ತಿರುತ್ತೆ.

ಟಿವಿ ಬಂತಾ? ಹಾಗಾದ್ರೆ ಒಂದೊಂದೇ ವೈರು ಸಿಕ್ಕಿಸುತ್ತಾ ಬನ್ನಿ, ಯಾವುದು ಹಾಕಿದಾಗ ಮತ್ತೆ ಹೋಯಿತೋ ಕಳ್ಳ ಅವನೇ. ಬರಲಿಲ್ಲವಾ? ಇಷ್ಟಕ್ಕೆ ನಿಲ್ಲಿಸಿ. ಮತ್ತೆ ಮತ್ತೆ ಆನ್ ಆಫ್ ಮಾಡಿ ಅದನ್ನು ಗೋಳು ಹುಯ್ಕೋಬೇಡಿ.

ಒಂದು ಪರೀಕ್ಷೆ ಮಾತ್ರ ಬಾಕಿ ಇದೆ, ಎಲ್‌ಇಡಿ ಟಿವಿ ಇರುವವರಿಗೆ. ಸದ್ದು ಬರುತ್ತಿದೆ, ಪರದೆ ಕಪ್ಪು ಎಂದಾದರೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಪರದೆಗೆ ಹತ್ತಿರ ಹಿಡಿದು ಓರೆಯಾಗಿ ಬಿಡಿ. ಒಳಗೆ ಮಸುಕಾಗಿ ಚಿತ್ರ ಓಡಾಡುವುದು ಕಂಡರೆ ಪ್ಯಾನೆಲ್ ಕೆಲಸ ಮಾಡ್ತಿದೆ, ಹಿಂದಿನ ಬೆಳಕು ಹೋಗಿದೆ ಅಂತ ಅರ್ಥ. ಸೀರಿಯಲ್ ಸೆಟ್ ಬಲ್ಬುಗಳ ಹಾಗೆ ಪಟ್ಟಿಯಲ್ಲಿರುವ ಎಲ್‌ಇಡಿಗಳು ಸಾಲಾಗಿ ಜೋಡಿಸಿರುತ್ತವೆ. ಒಂದು ಹೋದರೆ ಸಾಲೇ ಆರಿಹೋಗಬಹುದು. ಆ ಪಟ್ಟಿ ಬದಲಿಸಬಹುದು. ‘ಪ್ಯಾನೆಲ್ ಹೋಗಿದೆ ಮೇಡಂ’ ಅನ್ನುವವರ ಎದುರು ಈ ಟಾರ್ಚ್ ಪರೀಕ್ಷೆ ಮಾಡಿ ತೋರಿಸಿ. ಪ್ಯಾನೆಲ್ಲೇ ಹೋಗಿದ್ದರೆ ರಿಪೇರಿ ಖರ್ಚು ಹೊಸ ಟಿವಿಯ ಬೆಲೆಯ ಹತ್ತಿರ ಬರುತ್ತದೆ, ಅದಕ್ಕೇ ಈ ಎರಡರ ವ್ಯತ್ಯಾಸ ನಿಮಗೆ ಗೊತ್ತಿರಬೇಕು.

ಹಿಂದಿನ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಬಿಚ್ಚಲು ಬಿಡಲೂಬೇಡಿ. ನಮ್ಮ ಮನೆಗೆ ಬರುವ 230 ವೋಲ್ಟ್ ಕರೆಂಟು ಪವರ್ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ 300ಕ್ಕೂ ಹೆಚ್ಚು ವೋಲ್ಟ್ ಆಗಿ ಕೂತಿರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಊರಿನ ಮನೆಯಲ್ಲಿ ಇನ್ನೂ ಹಳೇ ಡಬ್ಬಾ ಟಿವಿ ಇದ್ದರಂತೂ ಅದರ ಪಿಕ್ಚರ್ ಟ್ಯೂಬಿನಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮೇಲೆ! ಯೂಟ್ಯೂಬ್ ನೋಡಿ ಸ್ಕ್ರೂ ಡ್ರೈವರ್ ಹಿಡಿದು ಬರುವ ಮೈದುನನಿಗೆ ಒಂದು ಲೋಟ ಕಾಫಿ ಕೊಟ್ಟು ಕೂರಿಸಿ. ಸುಟ್ಟ ವಾಸನೆ, ಚಟಚಟ ಸದ್ದು ಏನಾದರೂ ಬಂದರೆ ಎಣಿಸುವುದೂ ಬೇಡ, ಏನೂ ಬೇಡ. ಒಣ ಕೈಯಲ್ಲಿ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ.

ಮೆಕ್ಯಾನಿಕ್ ಬಂದಾಗ

‘ಟಿವಿ ಬರ್ತಿಲ್ಲ’ ಎಂದು ಫೋನ್ ಮಾಡುವುದಕ್ಕೂ, ‘ಆನ್ ಮಾಡಿದ ಹತ್ತು ಸೆಕೆಂಡಿಗೆ ಆಫ್ ಆಗುತ್ತೆ, ಕೆಂಪು ದೀಪ ನಾಲ್ಕು ಸಲ ಮಿಟುಕುತ್ತೆ, ವೈರೆಲ್ಲ ತೆಗೆದು ನೋಡಿದ್ದೀನಿ ಅಣ್ಣ’ ಎನ್ನುವುದಕ್ಕೂ ಅಜಗಜಾಂತರ. ಎರಡನೇ ಮಾತು ಕೇಳಿದವನು ಸರಿಯಾದ ಸಾಮಾನು ಹಿಡಿದು ಬರುತ್ತಾನೆ. ‘ಇವರಿಗೆ ಏನೋ ಗೊತ್ತಿದೆ’ ಎಂದು ನಾಲಿಗೆಯನ್ನೂ ಬಿಗಿ ಹಿಡಿಯುತ್ತಾನೆ.

ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಕಂಪನಿ ಸರ್ವಿಸ್‌ನವರು ಸಾಮಾನ್ಯವಾಗಿ ಇಡೀ ಬೋರ್ಡನ್ನೇ ಬದಲಾಯಿಸುತ್ತಾರೆ. ನಮ್ಮ ಬೀದಿ ಮೂಲೆಯ ಪುಟ್ಟ ಅಂಗಡಿಯವನು ಊದಿಕೊಂಡ ಒಂದೇ ಒಂದು ಕೆಪಾಸಿಟರ್ ಕಿತ್ತು ಹೊಸದು ಬೆಸುಗೆ ಹಾಕಿ ಅದೇ ಬೋರ್ಡನ್ನು ಬದುಕಿಸಬಲ್ಲ. ಅದು ಕಡಿಮೆ ವಿದ್ಯೆಯಲ್ಲ. ವಾರಂಟಿ ಇದ್ದರೆ ಕಂಪನಿಗೇ ಹೇಳಿ, ಹೊರಗಿನವರು ಮುಟ್ಟಿದರೆ ವಾರಂಟಿ ಸಿಗದೆ ಹೋಗಬಹುದು. ವಾರಂಟಿ ಮುಗಿದಿದ್ದರೆ ನನ್ನ ಓಟು ಆ ಬೀದಿಯವನಿಗೇ. ಆದರೆ ಯಾರೇ ಬರಲಿ, ಬಿಚ್ಚುವ ಮೊದಲೇ ಕೇಳಿ: ನೋಡುವುದಕ್ಕೆ ಎಷ್ಟು, ಸಾಮಾನಿಗೆ ಎಷ್ಟು, ಕೂಲಿ ಎಷ್ಟು, ಎಷ್ಟು ತಿಂಗಳ ಗ್ಯಾರಂಟಿ? ಬದಲಾಯಿಸಿದ ಹಳೇ ಸಾಮಾನನ್ನು ತೋರಿಸಲು ಹೇಳಿ. ಅಂಗಡಿಗೆ ಒಯ್ಯುವುದಾದರೆ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಬರೆದ ಚೀಟಿ ಪಡೆಯಿರಿ. ‘ಬಿಲ್ ಬೇಕಂದ್ರೆ ಜಾಸ್ತಿ ಆಗುತ್ತೆ’ ಎಂದರೂ ಬಿಲ್ ತೆಗೆದುಕೊಳ್ಳಿ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ದುಡ್ಡು ಕೊಟ್ಟು ಮಾಡಿಸಿದ ರಿಪೇರಿಯೂ ಕಾನೂನಿನ ಕಣ್ಣಲ್ಲಿ ಸೇವೆಯೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಅಷ್ಟು ದೂರ ಹೋಗುವ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಎಲ್ಲಿ ಹೋದರೂ ಮೊದಲು ಕೇಳುವುದು ಬಿಲ್ಲನ್ನೇ.

ದೀಪ ಮಿಟುಕುವ ಹಾಗೆ ಮಾಡುವ ಕೆಲವು ನಮ್ಮ ಮನೆಯಲ್ಲೇ ಇವೆ. ಬೆನ್ನ ಹಿಂದಿನ ಗಾಳಿ ಕಿಂಡಿ ಮುಚ್ಚುವ ಕ್ರೋಶಾ ಕವರು, ಪಕ್ಕದಲ್ಲೇ ಹೊಗೆಯಾಡುವ ಊದುಬತ್ತಿ, ಬೆಚ್ಚಗಿದೆ ಎಂದು ಒಳಗೆ ಸೇರುವ ಹಲ್ಲಿ, ಇರುವೆ. ಒರೆಸುವ ದ್ರವವನ್ನು ನೇರ ಪರದೆಗೆ ಚಿಮ್ಮಿಸುವವರು ದಯವಿಟ್ಟು ನಿಲ್ಲಿಸಿ. ಅದು ಜಾರಿ ಕೆಳ ಅಂಚಿನ ಸಂದಿಗೆ ಇಳಿದರೆ ಅಲ್ಲಿರುವ ಸೂಕ್ಷ್ಮ ಜೋಡಣೆಗಳು ಹಾಳಾಗಿ ಪರದೆಯಲ್ಲಿ ಗೆರೆ ಮೂಡುತ್ತವೆ. ಬಟ್ಟೆಗೆ ಹಾಕಿಕೊಂಡು ಒರೆಸಿ. ಕರಾವಳಿಯವರು, ಮಲೆನಾಡಿನವರು ಮಳೆಗಾಲದಲ್ಲಿ ಟಿವಿಯನ್ನು ವಾರಗಟ್ಟಲೆ ಮುಚ್ಚಿಡದೆ ದಿನಕ್ಕೆ ಸ್ವಲ್ಪ ಹೊತ್ತಾದರೂ ಹಾಕಿ, ಒಳಗಿನ ತೇವ ಆರುತ್ತೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮೋಡ ಕಟ್ಟಿದ ಕೂಡಲೇ ಪ್ಲಗ್ಗಿನ ಜೊತೆ ಡಿಶ್ ವೈರನ್ನೂ ಕೀಳಿ. ಸಿಡಿಲು ಆ ದಾರಿಯಲ್ಲೂ ಬರುತ್ತೆ. ಸಿಡಿಲು ಶುರುವಾದ ಮೇಲೆ ಮುಟ್ಟಲು ಹೋಗಬೇಡಿ.

ಊರಲ್ಲಿ ಅಮ್ಮ ಒಬ್ಬರೇ ಇದ್ದಾರಾ? ಇಡೀ ದಿನ ಮನೆಯಲ್ಲಿ ಕೇಳುವ ಮನುಷ್ಯ ದನಿ ಅಂದ್ರೆ ಆ ಟಿವಿಯದ್ದೊಂದೇ. ಅದು ನಿಂತರೆ ಅವರು ನಿಮಗೆ ಹೇಳುವುದೂ ಇಲ್ಲ, ‘ಪಾಪ, ಅವಳಿಗೆ ಕೆಲಸ ಇರುತ್ತೆ’ ಅಂತ ವಾರಗಟ್ಟಲೆ ಸುಮ್ಮನಿದ್ದುಬಿಡ್ತಾರೆ. ಮುಂದಿನ ಸಲ ಹೋದಾಗ ಪ್ಲಗ್ ಯಾವುದು, ಪವರ್ ಬಟನ್ ಎಲ್ಲಿದೆ ಎಂದು ತೋರಿಸಿಕೊಟ್ಟು ಬನ್ನಿ. ಆಮೇಲೆ ಫೋನಿನಲ್ಲೇ ‘ಅಮ್ಮಾ, ದೀಪ ಎಷ್ಟು ಸಲ ಮಿಟುಕ್ತಿದೆ, ಎಣಿಸಿ ಹೇಳು’ ಎಂದು ಕೇಳಬಹುದು. ಹಾಗೇ ಟಿವಿ ಕೊಂಡ ಬಿಲ್ಲನ್ನು ಒಂದು ಜೆರಾಕ್ಸ್ ಮಾಡಿಸಿ ಅವರ ಪೆಟ್ಟಿಗೆಯಲ್ಲಿಡಿ. ಈಗಿನ ನುಣುಪು ಕಾಗದದ ಬಿಲ್ಲುಗಳ ಅಕ್ಷರ ವಾರಂಟಿ ಮುಗಿಯುವ ಮೊದಲೇ ಅಳಿಸಿ ಹೋಗಿರುತ್ತೆ.