ತುತ್ತಿನೊಡನೆ ಕಥೆ

ಕೂಸಿಗೆ ಉಣಿಸುವಾಗ ಕಥೆ ಹೇಳುವದು ನಮ್ಮ ನಾಡಿಗೆ ಹೊಸದಲ್ಲ. ಸಂಜೆಯ ಹೊತ್ತು ಕಟ್ಟೆಯ ಮೇಲೆ ಕುಳಿತು, ಮೊಮ್ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಇದು ಕಾಗೆಯ ತುತ್ತು, ಇದು ಗುಬ್ಬಿಯ ತುತ್ತು ಎಂದು ಹೇಳುತ್ತ ಉಣಿಸಿದ ಅಜ್ಜಿಯರ ಕೈಯಲ್ಲಿಯೇ ನಾವೆಲ್ಲ ಬೆಳೆದವರು. ಈಗ ಅನೇಕ ಮನೆಗಳಲ್ಲಿ ಆ ಕಾಗೆ ಗುಬ್ಬಿಗಳ ಸ್ಥಾನಕ್ಕೆ ಮೊಬೈಲ್ ಫೋನು ಬಂದು ಕುಳಿತಿದೆ. ಕೂಸಿನ ಕಣ್ಣು ಪರದೆಯ ಮೇಲೆ, ತಾಯಿಯ ಕೈ ಕೂಸಿನ ಬಾಯಿಯ ಬಳಿ. ತಾನು ಏನನ್ನು ಉಂಡೆನೆಂಬದು ಕೂಸಿಗೆ ತಿಳಿಯದು. ಹೊಟ್ಟೆ ಯಾವಾಗ ತುಂಬಿತೆಂಬದು ತಾಯಿಗೆ ತಿಳಿಯದು. ಇಂಥ ಕಾಲದಲ್ಲಿ ಊಟಕ್ಕೂ ಕಥೆಗೂ ಇದ್ದ ಹಳೆಯ ನಂಟನ್ನು ಮತ್ತೆ ಕೂಡಿಸಬಯಸುವ ತಾಯಂದಿರಿದ್ದರೆ ಅವರನ್ನು ನಾವು ಮೆಚ್ಚಲೇಬೇಕು.

ನಮ್ಮ ಸೀಮೆಯ ಕ್ರಿಸ್ತೀಯ ಗೃಹಿಣಿಯೊಬ್ಬರು ನಮ್ಮನ್ನು ಒಂದು ಪ್ರಶ್ನೆ ಕೇಳಿದ್ದಾರೆ. ಎರಡೂವರೆ ವರುಷದ ಮಗನಿಗೆ ಬೈಬಲಿನ ಕಥೆಗಳನ್ನು ಊಟದ ಹೊತ್ತಿನಲ್ಲಿ, ಉಣ್ಣುವ ಪದಾರ್ಥಗಳಿಂದಲೇ ಆಟ ಕಟ್ಟಿ ಹೇಳಬೇಕೆಂದು ಅವರ ಆಸೆ. ಆದರೆ ಮನೆಯ ಅತ್ತೆಯವರು, "ಅನ್ನದ ಕೂಡ ಆಟ ಆಡಬಾರದವ್ವಾ, ಅದು ಪಾಪ" ಎನ್ನುತ್ತಾರಂತೆ. ಈ ಪ್ರಶ್ನೆ ಒಂದು ಮತದವರದಷ್ಟೇ ಅಲ್ಲ. ರಾಮಾಯಣ ಭಾಗವತಗಳ ಕಥೆ ಹೇಳುವ ಮನೆಯಲ್ಲಿಯೂ, ಶರಣರ ಕಥೆ ಹೇಳುವ ಮನೆಯಲ್ಲಿಯೂ ಇದೇ ಸಂದೇಹ ಏಳುವದು. ಆದುದರಿಂದ ಈ ತಿಂಗಳು ಇದನ್ನೇ ವಿಚಾರಿಸುವೆವು.

ಮೊದಲು ಅತ್ತೆಯವರ ಮಾತನ್ನು ನೋಡೋಣ. ಅದು ಸುಳ್ಳಲ್ಲ. ಜೋಳ ಬೆಳೆಯುವ ನಾಡಿನಲ್ಲಿ ಒಂದು ತೆನೆಯ ಹಿಂದೆ ಎಷ್ಟು ಬೆವರು ಇದೆಯೆಂಬದನ್ನು ಬಲ್ಲವರ ಮಾತು ಅದು. ಅನ್ನವನ್ನು ಚೆಲ್ಲುವದು, ತುಳಿಯುವದು, ಆಡಿ ಬಿಸಾಡುವದು ಯಾವ ಮತದಲ್ಲಿಯೂ ಒಪ್ಪಿತವಲ್ಲ. ಆದರೆ ಅನ್ನದಿಂದ ಅರ್ಥವನ್ನು ತೋರಿಸುವದು ಬೇರೆ, ಅನ್ನವನ್ನು ಹಾಳುಮಾಡುವದು ಬೇರೆ. ಯುಗಾದಿಯ ದಿನ ಬೇವು ಬೆಲ್ಲವನ್ನು ನಾಲಿಗೆಯ ಮೇಲಿಟ್ಟು ಸುಖದುಃಖಗಳ ಪಾಠ ಹೇಳುವವರು ನಾವೇ ಅಲ್ಲವೇ? ಕಾರಹುಣ್ಣಿಮೆಯ ದಿನ ಎತ್ತಿನ ಕೋಡಿಗೆ ಕೋಡುಬಳೆಯನ್ನು ಏರಿಸುವವರೂ, ಗೌರಿಹುಣ್ಣಿಮೆಗೆ ಮರದ ಅಚ್ಚಿನಲ್ಲಿ ಸಕ್ಕರೆಯ ಪಾಕವೆರೆದು ಆನೆ, ಕುದುರೆ, ತೇರುಗಳನ್ನು ಮಾಡಿ ಆರತಿ ಬೆಳಗುವವರೂ ನಾವೇ. ಅಲ್ಲಿ ಆಟವೂ ಉಂಟು, ಭಕ್ತಿಯೂ ಉಂಟು. ಕಡೆಗೆ ಎಲ್ಲವೂ ಹೊಟ್ಟೆಗೆ ಸೇರುವದು, ತಿಪ್ಪೆಗೆ ಹೋಗುವದಿಲ್ಲ.

ಬೈಬಲಿನ ಕಥೆಯನ್ನು ಊಟದಿಂದ ಕಲಿಸುವ ಪದ್ಧತಿಯಂತೂ ಬಹು ಪ್ರಾಚೀನವಾದುದು. ಇಸ್ರಾಯೇಲ್ಯರು ಐಗುಪ್ತ ದೇಶದ ದಾಸ್ಯದಿಂದ ಬಿಡುಗಡೆ ಹೊಂದಿದ ಕಥೆ ವಿಮೋಚನಕಾಂಡದಲ್ಲಿದೆ. ಆ ದಿನದ ನೆನಪಿಗಾಗಿ ಯೆಹೂದಿಗಳು ವರುಷಕ್ಕೊಮ್ಮೆ ಪಸ್ಕಹಬ್ಬದ ರಾತ್ರಿ ಮನೆಮಂದಿಯೊಡನೆ ಊಟಕ್ಕೆ ಕೂಡುವರು. ಹೊರಡುವ ಅವಸರದಲ್ಲಿ ಹಿಟ್ಟು ಹುಳಿಯಲು ಸಮಯವಿರಲಿಲ್ಲವೆಂದು ಹುಳಿಯಿಲ್ಲದ ರೊಟ್ಟಿ. ದಾಸ್ಯದ ಕಹಿಗೆ ಕಹಿ ಸೊಪ್ಪು. ಕಣ್ಣೀರಿಗೆ ಉಪ್ಪಿನ ನೀರು. ಇಟ್ಟಿಗೆ ಕಟ್ಟುವಾಗ ಕಲಸಿದ ಕೆಸರಿಗೆ ಹಣ್ಣು ಬೀಜಗಳನ್ನು ಕುಟ್ಟಿ ಮಾಡಿದ ಸಿಹಿ. ಆ ಪಂಕ್ತಿಯಲ್ಲಿ ಎಲ್ಲರಿಗಿಂತ ಚಿಕ್ಕ ಮಗುವು, ಈ ರಾತ್ರಿ ಉಳಿದ ರಾತ್ರಿಗಳಂತೆ ಏಕಿಲ್ಲವೆಂದು ಕೇಳುವದು. ಹಿರಿಯರು ಉತ್ತರವಾಗಿ ಕಥೆ ಹೇಳುವರು. ರೊಟ್ಟಿಯ ಒಂದು ತುಂಡನ್ನು ಬಚ್ಚಿಟ್ಟು ಮಕ್ಕಳಿಂದ ಹುಡುಕಿಸುವ ಆಟವೂ ಅಲ್ಲಿ ಉಂಟು. ಇಲ್ಲಿ ಲಕ್ಷ್ಯವಿಡತಕ್ಕ ಸಂಗತಿಯೇನೆಂದರೆ, ಕಥೆ ಮೊದಲಲ್ಲ, ಮಗುವಿನ ಪ್ರಶ್ನೆ ಮೊದಲು. ತಟ್ಟೆಯಲ್ಲಿ ಇರುವದನ್ನು ಕಂಡು ಮಗುವಿಗೆ ಬೆರಗಾಗಬೇಕು. ಬೆರಗಿನಿಂದ ಪ್ರಶ್ನೆ, ಪ್ರಶ್ನೆಯಿಂದ ಕಥೆ.

ದೂರ ದೇಶದ ಮಾತೇಕೆ? ನಮ್ಮ ಬೆಳಗಾವಿ ಸೀಮೆಯಿಂದ ಘಟ್ಟವಿಳಿದರೆ ಕೊಂಕಣ. ಅಲ್ಲಿ ತಲೆತಲಾಂತರದಿಂದ ಬಾಳಿದ ಬೆನೆ ಇಸ್ರಾಯೇಲರೆಂಬ ಯೆಹೂದಿಗಳು ಪ್ರವಾದಿಯಾದ ಎಲೀಯನ ಹೆಸರಿನಲ್ಲಿ ಅವಲಕ್ಕಿಗೆ ಕಾಯಿತುರಿ, ಸಿಹಿ, ಹಣ್ಣುಗಳನ್ನು ಬೆರೆಸಿ ಮಲಿದಾ ಎಂಬ ಪ್ರಸಾದವನ್ನು ಮಾಡುವರು. ಪ್ರವಾದಿ ಪಶ್ಚಿಮದವನು, ಅವಲಕ್ಕಿ ನಮ್ಮದು. ಎರಡೂ ಒಂದೇ ತಟ್ಟೆಯಲ್ಲಿ ಕೂಡಿವೆ. ಕನ್ನಡದಲ್ಲಿಯೂ ಈ ಕೂಟ ಹೊಸದಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರು. ಕನ್ನಡದ ನಿಘಂಟುಕಾರರೆಂದು ನಾವೆಲ್ಲ ಸ್ಮರಿಸುವ ಕಿಟೆಲ್ಲರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹೆಣೆದು 'ಕಥಾಮಾಲೆ'ಯನ್ನು ಪ್ರಕಟಿಸಿದರು. ಪರದೇಶದಿಂದ ಬಂದವರೇ ನಮ್ಮ ಲಯವನ್ನು ಹುಡುಕಿ ಕಥೆ ಹೇಳಿದ ಮೇಲೆ, ಮನೆಯ ತಾಯಿ ತನ್ನ ಅಡಿಗೆಮನೆಯ ಮಾತಿನಲ್ಲಿ ಹೇಳಲು ಸಂಕೋಚವೇಕೆ?

ಇನ್ನು ಹೇಗೆ ಹೇಳಬೇಕೆಂಬದನ್ನು ನೋಡೋಣ. ಮೊದಲಿಗೆ ಅಜ್ಜಿಯ ಕಾಗೆಯ ತುತ್ತನ್ನೇ ತೆಗೆದುಕೊಳ್ಳಿರಿ. ಬರಗಾಲದಲ್ಲಿ ಹಳ್ಳದ ದಂಡೆಯ ಮೇಲೆ ಅಡಗಿದ್ದ ಎಲೀಯನಿಗೆ ಕಾಗೆಗಳು ಬೆಳಿಗ್ಗೆ ಸಂಜೆ ರೊಟ್ಟಿಯನ್ನೂ ಮಾಂಸವನ್ನೂ ತಂದು ಕೊಟ್ಟವೆಂದು ಬೈಬಲಿನಲ್ಲಿದೆ. ನಮ್ಮ ಅಜ್ಜಿ ಕಾಗೆಗೆ ತುತ್ತು ಕೊಟ್ಟಳು; ಅಲ್ಲಿ ಕಾಗೆಯೇ ಮನುಷ್ಯನಿಗೆ ತುತ್ತು ತಂದಿತು. ತಾಯಿ ತನ್ನ ಐದು ಬೆರಳುಗಳನ್ನು ಕಾಗೆಯ ಕೊಕ್ಕಿನಂತೆ ಕೂಡಿಸಿ, ಹಾಲಿನಲ್ಲಿ ನೆನೆಸಿದ ಮೆತ್ತನ್ನ ರೊಟ್ಟಿಯ ಚೂರನ್ನು ತಂದರೆ ಸಾಕು. ಎರಡು ವರುಷದ ಕೂಸಿಗೆ ಇದಕ್ಕಿಂತ ದೊಡ್ಡ ನಾಟಕ ಬೇಡ. ಮರುದಿನ ಕೂಸು ತಾನೇ ಕಾಗೆಯಾಗಿ ತಾಯಿಯ ಬಾಯಿಗೆ ತುತ್ತು ಇಡುವದು.

ಎರಡನೆಯದು ಅವಲಕ್ಕಿ. ಅರಣ್ಯದಲ್ಲಿ ಹಸಿದ ಜನಕ್ಕೆ ಬೆಳಗಿನ ಇಬ್ಬನಿ ಆರಿದ ಮೇಲೆ ನೆಲದ ಮೇಲೆ ಬಿಳಿಯ ಆಹಾರ ಕಂಡಿತು; ಅದಕ್ಕೆ ಮನ್ನವೆಂದು ಹೆಸರಾಯಿತು. ಅದು ಕೊತ್ತಂಬರಿ ಬೀಜದಂತಿತ್ತೆಂದು ಗ್ರಂಥದಲ್ಲಿ ಹೇಳಿದೆ. ಮಸಾಲೆಯ ಡಬ್ಬಿಯಿಂದ ನಾಲ್ಕು ಹವೀಜದ ಕಾಳುಗಳನ್ನು ತಾಯಿ ತನ್ನ ಅಂಗೈಯಲ್ಲಿಟ್ಟು ತೋರಿಸಲಿ. ಕೂಸಿನ ಬಾಯಿಗೆ ಹೋಗಗೊಡಬಾರದು. ಉಣ್ಣಲು ಹಾಲಿನಲ್ಲಿ ನೆನೆದ ತೆಳು ಅವಲಕ್ಕಿ. ಹೆಚ್ಚು ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕಡಿಮೆಯಾಗಲಿಲ್ಲ. ನಾಳೆಗೆಂದು ಬಚ್ಚಿಟ್ಟದ್ದು ಹುಳ ಬಿದ್ದು ನಾರಿತು. ಕೂಸಿನ ಚಿಕ್ಕ ಬಟ್ಟಲಿಗೆ ಹಿಡಿಯುವಷ್ಟೇ ಅವಲಕ್ಕಿ ಇಟ್ಟು ಈ ಕಥೆಯನ್ನು ಹೇಳಬಹುದು. ಅದೇ ಬಟ್ಟಲು ಬೇರೊಂದು ಮನೆಯಲ್ಲಿ ಸುದಾಮನ ಗಂಟಾಗುವದು. ಬಡ ಬ್ರಾಹ್ಮಣನು ಹರಕು ಬಟ್ಟೆಯಲ್ಲಿ ಕಟ್ಟಿ ತಂದ ಅವಲಕ್ಕಿಯನ್ನು ಕೃಷ್ಣನು ಒಂದು ಹಿಡಿ ಬಾಯಿಗೆ ಹಾಕಿಕೊಂಡ ಕಥೆ ಭಾಗವತದಲ್ಲಿದೆ. ಸಂಸ್ಕೃತದಲ್ಲಿ ಪೃಥುಕವೆಂಬ ಶಬ್ದಕ್ಕೆ ಅವಲಕ್ಕಿಯೆಂದೂ ಅರ್ಥ, ಶಿಶುವೆಂದೂ ಅರ್ಥ. ಅಮರಕೋಶವನ್ನು ಬಾಯಿಪಾಠ ಮಾಡಿದವರು ಇದನ್ನು ಬಲ್ಲರು. ಕೂಸಿಗೂ ಅವಲಕ್ಕಿಗೂ ಇರುವ ಗೆಳೆತನ ನಿನ್ನೆ ಮೊನ್ನೆಯದಲ್ಲ.

ಮೂರನೆಯದು ಐದು ರೊಟ್ಟಿಗಳ ಕಥೆ. ಐದು ಸಾವಿರ ಜನ ಹಸಿದು ಕುಳಿತಾಗ ಒಬ್ಬ ಹುಡುಗನ ಬಳಿ ಜವೆಗೋಧಿಯ ಐದು ರೊಟ್ಟಿ, ಎರಡು ಮೀನು ಇದ್ದವೆಂದು ಯೋಹಾನನ ಸುವಾರ್ತೆಯಲ್ಲಿದೆ. ರೊಟ್ಟಿ ಬಡಿಯುವ ಹೊತ್ತಿಗೆ ಕೂಸಿನ ಕೈಗೆ ಹಿಟ್ಟಿನ ಚಿಕ್ಕ ಉಂಡೆ ಕೊಟ್ಟು ತಟ್ಟಗೊಡಿರಿ. ಒಲೆಯ ಹತ್ತಿರ ಮಾತ್ರ ಬಿಡಬೇಡಿರಿ. ಅಂಗೈಯಗಲದ ಐದು ರೊಟ್ಟಿಗಳು ಬೆಂದ ಮೇಲೆ ಅಜ್ಜನಿಗೊಂದು, ಅಜ್ಜಿಗೊಂದು, ಅಪ್ಪನಿಗೊಂದು ಎಂದು ಕೂಸೇ ಹಂಚಲಿ. ಈ ಕಥೆಯ ಕೊನೆಯನ್ನು ಮರೆಯಲಾಗದು: ಎಲ್ಲರೂ ಉಂಡು ತೃಪ್ತರಾದ ಮೇಲೆ, ಏನೂ ಹಾಳಾಗದಂತೆ ಮಿಕ್ಕ ತುಂಡುಗಳನ್ನು ಕೂಡಿಸಿರೆಂದು ಯೇಸುವು ಶಿಷ್ಯರಿಗೆ ಹೇಳಿದನು, ಹನ್ನೆರಡು ಪುಟ್ಟಿಗಳು ತುಂಬಿದವು. ಅತ್ತೆಯವರ ಮಾತೂ ಇದೇ ಅಲ್ಲವೇ? ಊಟವಾದ ಮೇಲೆ ತಟ್ಟೆಯ ಸುತ್ತ ಬಿದ್ದ ಚೂರುಗಳನ್ನು ಕೂಸಿನಿಂದಲೇ ಆರಿಸಿ, ಅಂಗಳದ ಕೋಳಿಗೋ ಗುಬ್ಬಿಗೋ ಹಾಕಿಸಿದರೆ ಸೊಸೆಯ ಕಥೆಯೂ ಉಳಿಯಿತು, ಅತ್ತೆಯ ಧರ್ಮವೂ ಉಳಿಯಿತು.

ಪುರಾಣದ ಮನೆಗಳವರಿಗೆ ನಮ್ಮ ಸೀಮೆಯಲ್ಲಿಯೇ ಒಂದು ಕಥೆಯುಂಟು. ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಶಬರಿಯು ರಾಮನ ದಾರಿ ಕಾಯ್ದ ಸ್ಥಳ ಅದೇ ಎಂದು ಜನರ ನಂಬಿಕೆ. ವಾಲ್ಮೀಕಿಯ ಕಾವ್ಯದಲ್ಲಿ ಶಬರಿಯು ಕಾಡಿನ ಆಹಾರವನ್ನು ಕೂಡಿಸಿಟ್ಟಳೆಂದು ಮಾತ್ರ ಇದೆ. ಕಚ್ಚಿ ರುಚಿ ನೋಡಿ ಕೊಟ್ಟಳೆಂಬ ಮಾತು ಭಕ್ತರ ಬಾಯಲ್ಲಿ ಆಮೇಲೆ ಬೆಳೆದುದು. ಆದರೆ ಮಗುವಿಗೆ ಹಣ್ಣನ್ನು ಕೊಡುವ ಮೊದಲು ತಾನು ರುಚಿ ನೋಡದ ತಾಯಿ ಯಾರಿದ್ದಾರೆ? ಬಾರೆಹಣ್ಣಿನ ಬೀಜವನ್ನು ತೆಗೆದು, ತಿರುಳನ್ನು ಹಿಚುಕಿ ಕೊಡುತ್ತ ಈ ಕಥೆ ಹೇಳಿದರೆ ಅದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಎಲ್ಲ ಕಥೆಯನ್ನೂ ಎಲ್ಲ ವಯಸ್ಸಿಗೆ ಹೇಳತಕ್ಕದ್ದಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದ ಮನೆಯಲ್ಲಿ ಹೋಳಿಗೆ ಕಡಬುಗಳನ್ನು ಉಣಿಸುತ್ತ, ರೇಣುಕೆಯು ಮರಳಿನಲ್ಲಿ ಕೊಡ ಮಾಡಿ ನೀರು ತಂದುದನ್ನು ಹೇಳಿರಿ; ಮುಂದಿನ ಶಿರಚ್ಛೇದದ ಭಾಗವು ಹತ್ತು ವರುಷ ತಡೆಯಲಿ. ಮೆತ್ತನ್ನ ಅನ್ನದಿಂದ ಕಿತ್ತೂರಿನ ಕೋಟೆ ಕಟ್ಟಿ, ಸಾರನ್ನು ಕಂದಕಕ್ಕೆ ಹರಿಸಿ, ಇದರೊಳಗೆ ಚನ್ನಮ್ಮ ರಾಣಿ ಇದ್ದಳೆಂದರೆ ಕೂಸಿಗೆ ಆನಂದ. 1824ರ ಕಾಳಗವನ್ನೂ, ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಆಕೆ ತೀರಿಕೊಂಡುದನ್ನೂ ಶಾಲೆಗೆ ಹೋಗುವ ವಯಸ್ಸಿಗೆ ಹೇಳಬಹುದು. ನೋಹನ ನಾವೆಯಲ್ಲಿಯೂ ಜೋಡಿ ಜೋಡಿಯಾಗಿ ಬಂದ ಪ್ರಾಣಿಗಳು ಸಾಕು. ಮುಳುಗಿದವರ ಮಾತು ಈಗ ಬೇಡ. ಉಣ್ಣುವ ಹೊತ್ತಿನಲ್ಲಿ ಹೊಕ್ಕ ಹೆದರಿಕೆ ಅನ್ನದ ಮೇಲೆಯೇ ಹೋಗಿ ಕೂಡುವದು.

ದೇಹದ ವಿಷಯದಲ್ಲಿಯೂ ಕೆಲವು ಎಚ್ಚರಿಕೆಗಳು ಅವಶ್ಯ. ಮನ್ನದ ರುಚಿ ಜೇನು ಬೆರೆಸಿದ ದೋಸೆಯಂತಿತ್ತೆಂದು ಗ್ರಂಥದಲ್ಲಿದೆಯೆಂದು, ವರುಷ ತುಂಬದ ಕೂಸಿನ ನಾಲಿಗೆಗೆ ಜೇನು ಸವರಬಾರದು. ಅದರಿಂದ ಎಳೆಯ ಕೂಸುಗಳಿಗೆ ಪ್ರಾಣಾಪಾಯದ ರೋಗವುಂಟಾಗಬಹುದೆಂದು ವೈದ್ಯರು ಹೇಳುವರು. ಎರಡು ವರುಷ ತುಂಬುವವರೆಗೆ ಸಕ್ಕರೆಯ ತಿನಿಸು ಬೇಡ. ಗೌರಿಹುಣ್ಣಿಮೆಯ ಸಕ್ಕರೆಯ ಆನೆಯನ್ನು ಕಣ್ಣಿನಿಂದ ನೋಡಿದರೆ ಸಾಕು. ಇಡಿಯ ಶೇಂಗಾ, ಕಡಲೆ, ದ್ರಾಕ್ಷಿ, ಗಜ್ಜರಿಯ ಗಟ್ಟಿ ತುಂಡುಗಳು ಗಂಟಲಲ್ಲಿ ಸಿಕ್ಕುವವು. ಕೂಸನ್ನು ಕೂಡಿಸಿ ಉಣಿಸಬೇಕು. ನಗಿಸುವದಿದ್ದರೆ ತುತ್ತು ಇಳಿದ ಮೇಲೆ ನಗಿಸಬೇಕು.

ಇಷ್ಟಕ್ಕಿಂತ ಮುಖ್ಯವಾದ ಒಂದು ಮಾತು ಉಳಿದಿದೆ. ಕಥೆಯನ್ನು ಲಂಚ ಮಾಡಬಾರದು. ಇನ್ನೊಂದು ತುತ್ತು ತಿಂದರೆ ಮುಂದಿನ ಕಥೆ ಹೇಳುವೆನೆಂದು ಹೇಳಿದ ತಾಯಿ ಕೂಸಿಗೆ ಎರಡು ಪಾಠ ಕಲಿಸುವಳು: ಊಟವೆಂದರೆ ಕಷ್ಟದ ಕೆಲಸವೆಂದು ಒಂದು, ದೇವರ ಕಥೆಗೆ ಬೆಲೆ ಕಟ್ಟಬಹುದೆಂದು ಇನ್ನೊಂದು. ಉಣ್ಣದಿದ್ದರೆ ದೇವರು ಶಿಕ್ಷಿಸುವನೆಂದು ಹೆದರಿಸುವದು ಇದಕ್ಕಿಂತ ಕೆಟ್ಟದು. ಕೂಸು ಮುಖ ತಿರುಗಿಸಿತೆಂದರೆ ಹೊಟ್ಟೆ ತುಂಬಿತೆಂದು ತಿಳಿದು ತಟ್ಟೆಯನ್ನು ತೆಗೆಯಿರಿ. ಕಥೆಯನ್ನು ಮಾತ್ರ ಅರ್ಧಕ್ಕೆ ನಿಲ್ಲಿಸಬೇಡಿರಿ. ಅಂದಿನ ಮನ್ನ ಅಂದಿಗೆ ಸಾಕಾದಂತೆ ಅಂದಿನ ಹಸಿವೆಗೆ ತಕ್ಕಷ್ಟೇ ಊಟ.

ದಿನಕ್ಕೊಂದು ಹೊಸ ಕಥೆಯ ಗೊಡವೆಯೂ ಬೇಡ. ಸಣ್ಣ ಮಕ್ಕಳು ಒಂದೇ ಕಥೆಯನ್ನು ನೂರು ಸಲ ಕೇಳುವರು. ಒಂದು ಮಾತು ಬದಲಾದರೆ ತಾವೇ ತಿದ್ದುವರು. ವಾರಕ್ಕೆ ಒಂದು ಹೊತ್ತು, ತಿಂಗಳಿಗೆ ಒಂದು ಕಥೆ, ಮನೆಯಲ್ಲಿ ಬೆಂದ ಅಡಿಗೆ, ತಾಯಿಯ ಎರಡು ಕೈ ಇಷ್ಟೇ ಸಾಮಗ್ರಿ. ಮೂರು ವರುಷದ ಕೂಸಿಗೆ ಎಲೀಯನ ಹೆಸರು ಮರೆಯಬಹುದು, ಶಬರಿಯ ಹೆಸರು ಮರೆಯಬಹುದು. ಆದರೆ ಹಸಿದವನಿಗೆ ಯಾರೋ ತಂದುಕೊಟ್ಟರು, ತಂದುದನ್ನು ಹಂಚಿಕೊಂಡರು, ಮಿಕ್ಕದ್ದನ್ನು ಚೆಲ್ಲಲಿಲ್ಲ ಎಂಬ ಮೂರು ಸಂಗತಿಗಳು ಕೈಯಿಂದ ಕಲಿತ ಪಾಠವಾಗಿ ಉಳಿಯುವವು. ಬರುವ ಭಾನುವಾರ ರೊಟ್ಟಿ ಬಡಿಯುವಾಗ ಒಂದು ಚಿಕ್ಕ ಉಂಡೆಯನ್ನು ಬದಿಗೆ ತೆಗೆದಿಡಿರಿ, ಮತ್ತು ಮೊಬೈಲನ್ನು ಒಳಗಿನ ಕೋಣೆಯಲ್ಲಿಡಿರಿ. ಕೂಸು ಹಿಟ್ಟು ಮೆತ್ತಿದ ಕೈಯನ್ನೆತ್ತಿ "ಇದೇನ?" ಎಂದು ಕೇಳುವವರೆಗೆ ನೀವು ಸುಮ್ಮನಿರಿ, ಕೇಳಿದ ಮೇಲೆ ಹೇಳಲು ತೊಡಗಿರಿ.