ನಾವು ಮೊಘಲರಲ್ಲ, ಇಂಡಿಯವರು

ಕಳೆದ ತಿಂಗಳು ಅಮ್ಮಿ ಇಂಡಿ ತಾಲೂಕಿನ ನಮ್ಮ ಹಳ್ಳಿಯಿಂದ ಬಂದಿದ್ದರು. ಅದೇ ವಾರ ಮಗಳ ಪರೀಕ್ಷೆಯ ಫಲಿತಾಂಶವೂ ಬಂದಿತ್ತು. ಈ ಸಂತೋಷಕ್ಕೆ ಒಂದು ದಿನ ಹೊರಗೆ ಊಟ ಮಾಡೋಣವೆಂದು ವಿಜಯಪುರದಲ್ಲಿ ಹೊಸದಾಗಿ ಬಾಗಿಲು ತೆರೆದ ಹೋಟೆಲೊಂದಕ್ಕೆ ಹೋದೆವು. ಪಕ್ಕದ ಮನೆಯ ಟೀಚರನ್ನೂ ಅವರ ಹತ್ತು ವರ್ಷದ ಮಗನನ್ನೂ ಕರೆದಿದ್ದೆ. ಒಟ್ಟು ಆರು ಜನ. ಹೋಟೆಲಿನ ಮಾಲೀಕರು ನಮ್ಮವರೇ. ಆದ್ದರಿಂದ ಈ ಜಗಳವೂ ಮನೆಯೊಳಗಿನದೇ.

ಬಾಗಿಲಲ್ಲಿ ಶೇರ್ವಾನಿ ತೊಟ್ಟು, ತಲೆಗೆ ತುರಾಯಿಯ ಪೇಟ ಸುತ್ತಿದ್ದ ಹುಡುಗನೊಬ್ಬ ಬಗ್ಗಿ ಸಲಾಮು ಮಾಡಿದ. ಸೆಕೆಗೆ ಬೆವರುತ್ತಿದ್ದ ಅವನನ್ನು ನೋಡಿ ಅಮ್ಮಿ, 'ಪಾಪ, ಯಾರದಾದರೂ ಶಾದಿ ಇದೆಯೇನು?' ಎಂದು ಕೇಳಿದರು. ಒಳಗೆ ಒಂದು ಗೋಡೆಯ ತುಂಬ ತಾಜಮಹಲು, ಇನ್ನೊಂದರಲ್ಲಿ ದೆಹಲಿಯ ಕೆಂಪುಕೋಟೆ. ಹತ್ತು ನಿಮಿಷ ನಡೆದರೆ ಗೋಲಗುಮ್ಮಟ ಸಿಗುವ ಊರಿದು. ಅದರ ಒಂದು ಚಿತ್ರವೂ ಅಲ್ಲಿರಲಿಲ್ಲ.

ಮೂರನೆಯ ಗೋಡೆಯ ಮೇಲೆ ಬಂಗಾರದ ಬಣ್ಣದಲ್ಲಿ ಉರ್ದು ಬರೆದಿತ್ತು. ಬರೆದಿತ್ತು ಎನ್ನುವುದಕ್ಕಿಂತ ಅಕ್ಷರಗಳನ್ನು ಅಂಟಿಸಿದ್ದರು ಎನ್ನಬೇಕು. ಕೈ ಕೈ ಹಿಡಿದು ನಡೆಯಬೇಕಾದ ಅಕ್ಷರಗಳು ಒಂದೊಂದೂ ಬಿಡಿಬಿಡಿಯಾಗಿ ನಿಂತಿದ್ದವು, ಅದೂ ಎಡದಿಂದ ಬಲಕ್ಕೆ. ಕಂಪ್ಯೂಟರಿನಲ್ಲಿ ಉರ್ದು ಬಾರದವರು ಅಚ್ಚು ತೆಗೆದರೆ ಹೀಗಾಗುತ್ತದೆ. ಅಮ್ಮಿ ಕನ್ನಡಕ ಸರಿಮಾಡಿಕೊಂಡು ಓದಲು ಯತ್ನಿಸಿದರು. 'ಇದು ಯಾವ ಭಾಷೆ?' ಎಂದರು. ನಾನು ಹಿಂದಿನಿಂದ ಮುಂದಕ್ಕೆ ಕೂಡಿಸಿಕೊಂಡು ಓದಿದೆ. 'ಸ್ವಾಗತ' ಎಂದು ಬರೆಯಲು ಹೊರಟಿದ್ದರು. ಉರ್ದು ಓದಬಲ್ಲ ಯಾವ ಗಿರಾಕಿಯೂ ಇಲ್ಲಿಗೆ ಬರುವುದಿಲ್ಲ, ಬಂದರೂ ಬಾಯಿ ಬಿಡುವುದಿಲ್ಲ ಎಂಬ ಭರವಸೆ ಇದ್ದಿರಬೇಕು. ಕನ್ನಡದ ಗತಿಯೂ ಅಷ್ಟೆ. ಹೊರಗಿನ ಬೋರ್ಡಿನಲ್ಲಿ ಇದ್ದ ಕನ್ನಡ ಮೆನುವಿನೊಳಗೆ ಒಂದಕ್ಷರವೂ ಇರಲಿಲ್ಲ.

ಊಟದ ವಿಷಯಕ್ಕೆ ಬರುತ್ತೇನೆ. ಮಟನ್ ಅಕ್ಬರಿ, ಚಿಕನ್ ಶಾಹಜಹಾನಿ, ಪನೀರ್ ನೂರ್‌ಜಹಾನ್ ಎಂದು ಮೂರು ತರಿಸಿದೆವು. ಮೂರು ಬಟ್ಟಲಿನಲ್ಲೂ ಇದ್ದದ್ದು ಒಂದೇ ಸಾರು: ಟೊಮೆಟೊ, ಗೋಡಂಬಿ, ಕೆನೆ, ಮೇಲಿಷ್ಟು ಸಕ್ಕರೆ. ಮುಂಜಾನೆಯೇ ದೊಡ್ಡ ಪಾತ್ರೆಯಲ್ಲಿ ಕುದಿಸಿಟ್ಟ ಈ ಸಾರಿಗೆ ಗಿರಾಕಿ ಕೇಳಿದ ತುಂಡು ಹಾಕಿ ಬಿಸಿ ಮಾಡಿದರೆ ಅಕ್ಬರನೂ ಸಿದ್ಧ, ನೂರ್‌ಜಹಾನಳೂ ಸಿದ್ಧ. ಅಂದ ಹಾಗೆ, ಮೆಣಸಿನಕಾಯಿ ಮತ್ತು ಟೊಮೆಟೊ ಅಮೆರಿಕ ಖಂಡದಿಂದ ಬಂದ ಬೆಳೆಗಳು. ಅಕ್ಬರನ ಅಡುಗೆಮನೆಯನ್ನು ವಿವರವಾಗಿ ಬಣ್ಣಿಸುವ ಅಬುಲ್ ಫಝಲನ 'ಐನ್-ಇ-ಅಕ್ಬರಿ'ಯಲ್ಲಿ ಇವೆರಡರ ಸುಳಿವೂ ಇಲ್ಲ. ಮೆನುವಿನಲ್ಲಿ 'ಶಾಹಿ' ಎಂಬ ಬಿರುದು ಹೊತ್ತಿದ್ದ ಬಟರ್ ಚಿಕನ್ ದೇಶವಿಭಜನೆಯ ನಂತರ ಪೇಶಾವರದಿಂದ ದೆಹಲಿಗೆ ಬಂದ ಪಂಜಾಬಿ ನಿರಾಶ್ರಿತರು ಹೋಟೆಲುಗಳಲ್ಲಿ ಜನಪ್ರಿಯಗೊಳಿಸಿದ ತಿನಿಸು. ಯಾವ ಬಾದಶಹನೂ ಅದನ್ನು ಕಂಡಿರಲಿಲ್ಲ.

ಬಿರಿಯಾನಿ ಎಂದು ಬಂದದ್ದು ಬೇರೆ ಬೆಂದ ಅನ್ನದ ಅಡಿಯಲ್ಲಿ ಬೇರೆ ಬೆಂದ ಮಾಂಸ. ಅವೆರಡರ ಪರಿಚಯವಾದದ್ದು ನಮ್ಮ ತಟ್ಟೆಯಲ್ಲಿಯೇ. ಪಾತ್ರೆಯ ಬಾಯಿಗೆ ಹಿಟ್ಟು ಮೆತ್ತಿ ಕೆಂಡದ ಮೇಲೆ ದಮ್ ಕೊಡುವ ತಾಳ್ಮೆ ಅಲ್ಲಿ ಯಾರಿಗೂ ಇರಲಿಲ್ಲ. ಕಬಾಬಿಗೆ ಬಣ್ಣ ಮಾತ್ರ ಧಾರಾಳವಾಗಿತ್ತು. ಕಬಾಬಿಗೆ ಕೃತಕ ಬಣ್ಣ ಹಾಕಬಾರದೆಂದು ರಾಜ್ಯ ಸರ್ಕಾರ 2024ರ ಜೂನ್‌ನಲ್ಲೇ ಆದೇಶ ಹೊರಡಿಸಿದೆ. ಮರುದಿನ ಫಜ್ರ್ ನಮಾಜಿಗೆ ವಜೂ ಮಾಡುವಾಗಲೂ ನನ್ನ ಬೆರಳ ತುದಿ ಕೆಂಪಗಿತ್ತು. ಬಿಲ್ಲು 3,840 ರೂಪಾಯಿ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಕೆಟ್ಟ ಊಟ ಎಲ್ಲ ಜಾತಿಯ ಹೋಟೆಲಿನಲ್ಲೂ ಸಿಗುತ್ತದೆ. ಬರೆಯುವಂತೆ ಮಾಡಿದ್ದು ಟೀಚರ ಮಗ ಕೇಳಿದ ಒಂದು ಪ್ರಶ್ನೆ. ಅವನು ಗೋಡೆಗಳನ್ನು ನೋಡಿದ, ಪೇಟದ ಹುಡುಗನನ್ನು ನೋಡಿದ, ಮೆನು ಓದಿದ. ಆಮೇಲೆ ನನ್ನ ಕಡೆ ತಿರುಗಿ, 'ಆಂಟಿ, ನೀವು ಮೊಘಲರೇನ್ರೀ?' ಎಂದ.

ಅವರಮ್ಮ ಗಾಬರಿಯಾಗಿ ಅವನ ತೊಡೆ ಚಿವುಟಿದರು. ಅಮ್ಮಿ ಮಾತ್ರ ನಕ್ಕು, 'ಅಲ್ಲಪ್ಪಾ, ನಾವು ಇಂಡಿಯವರು' ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಈ ಹುಡುಗ ನಮ್ಮ ಅಡುಗೆಮನೆಯಲ್ಲಿ ಕೂತು ರೊಟ್ಟಿ ತಿಂದು ಬೆಳೆದವನು. ನಾವು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದೂವರೆ ಗಂಟೆಯಲ್ಲಿ ಅದನ್ನು ಮರೆಸಿ ನಮ್ಮನ್ನು ದೆಹಲಿಯಿಂದ ಬಂದವರನ್ನಾಗಿ ಮಾಡಿದ್ದು ನಮ್ಮವರೇ ಕಟ್ಟಿದ ಹೋಟೆಲು.

ಈ ಊರಿನ ಚರಿತ್ರೆಯನ್ನಾದರೂ ಆ ಮಾಲೀಕರು ಓದಬಾರದಿತ್ತೇ? ಮೊಘಲರು ಬಿಜಾಪುರಕ್ಕೆ ಔತಣಕ್ಕೆ ಬಂದವರಲ್ಲ, ಮುತ್ತಿಗೆ ಹಾಕಲು ಬಂದವರು. ಒಂದು ವರ್ಷಕ್ಕೂ ಮೀರಿದ ಮುತ್ತಿಗೆಯ ನಂತರ 1686ರಲ್ಲಿ ಸಿಕಂದರ್ ಆದಿಲ್ ಶಾಹ್ ಔರಂಗಜೇಬನಿಗೆ ಶರಣಾದ. ಆದಿಲ್ ಶಾಹಿ ರಾಜ್ಯ ಅಲ್ಲಿಗೆ ಮುಗಿಯಿತು. ಅದಕ್ಕೂ ಮುಂಚೆ ಇದೇ ಊರಿನಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹ್, ಸರಸ್ವತಿಯನ್ನು ನೆನೆದು ಆರಂಭವಾಗುವ 'ಕಿತಾಬ್-ಎ-ನೌರಸ್' ಎಂಬ ಸಂಗೀತಗ್ರಂಥವನ್ನು ದಖನಿಯಲ್ಲಿ ಬರೆದಿದ್ದ. ಮೊಘಲರು ಪರಕೀಯರು ಎಂದು ಕೂಗುವವರಿಗೆ ನಾನು ದನಿಗೂಡಿಸುತ್ತಿಲ್ಲ. ಅವರೂ ಈ ದೇಶದ ಚರಿತ್ರೆಯ ಭಾಗವೇ. ಆದರೆ ನಮ್ಮದಲ್ಲದ ಅರಮನೆಯ ಪೇಟ ನಮಗೇಕೆ?

'ಗಿರಾಕಿ ಕೇಳುವುದೇ ಅದನ್ನು, ನಾವೇನು ಮಾಡೋಣ?' ಎಂದು ಹೋಟೆಲಿನವರು ಹೇಳುತ್ತಾರೆ. ಗಿರಾಕಿಗೆ ಬೇರೆ ಏನನ್ನಾದರೂ ಎಂದಾದರೂ ಬಡಿಸಿದ್ದೀರಾ? ನಮ್ಮ ಮನೆಗಳಲ್ಲಿ ಬೇಯುವುದೇನು? ಜೋಳದ ರೊಟ್ಟಿ. ನಾವು ಅದನ್ನು ಜವಾರಿ ಕೀ ರೋಟಿ ಎನ್ನುತ್ತೇವೆ, ತಟ್ಟುವ ಕೈ ಒಂದೇ. ನೆರೆಮನೆಯ ಪುಂಡಿಪಲ್ಯ ನಮ್ಮಲ್ಲಿ ಅಂಬಾಡೆ ಕೀ ಭಾಜಿ. ಸೊಪ್ಪು ಮಾರುವವಳು ಎರಡೂ ಮನೆಗೆ ಒಂದೇ ಬುಟ್ಟಿಯಿಂದ ಕೊಡುತ್ತಾಳೆ. ಅವರು ಅದಕ್ಕೆ ಬೇಳೆ ಹಾಕುತ್ತಾರೆ, ನಾವು ಮಾಂಸವನ್ನೂ ಹಾಕುತ್ತೇವೆ. ಸೋರೆಕಾಯಿಯ ದಾಲ್ಚಾ, ಖಿಚಡಿ-ಖಟ್ಟಾ, ಕಲಬುರಗಿಯ ತಹಾರಿ ಇವೆ. ಕರಾವಳಿಗೆ ಹೋದರೆ ಭಟ್ಕಳದ ನವಾಯತರ ಬಿರಿಯಾನಿ, ಬ್ಯಾರಿಗಳ ಪತ್ತಿರ್, ಪುಂಡಿ. ಹಳೆ ಮೈಸೂರಿನ ಕಡೆ ನಮ್ಮವರ ತಟ್ಟೆಯಲ್ಲೂ ರಾಗಿಮುದ್ದೆ ಇದೆ. ಇವುಗಳಲ್ಲಿ ಒಂದಾದರೂ ಆ ಮೆನುವಿನಲ್ಲಿ ಇರಲಿಲ್ಲ.

ಕಾರಣ ಸಂಕೋಚ. ಈ ಸಂಕೋಚ ಹೋಟೆಲಿನವರದ್ದು ಮಾತ್ರವಲ್ಲ, ನಿಮ್ಮದು, ನನ್ನದು ಕೂಡ. ಬೀಗರು ಬಂದರೆ ಜೋಳದ ರೊಟ್ಟಿಯನ್ನು ಮುಚ್ಚಿಟ್ಟು ಅಂಗಡಿಯಿಂದ ರುಮಾಲಿ ರೋಟಿ ತರಿಸುವವರು ನಾವೇ. ವಲೀಮಾದಲ್ಲಿ ಅಂಬಾಡಾ ಬಡಿಸಿದರೆ ಮಾನ ಹೋಗುತ್ತದೆ ಎನ್ನುವವರು ನಾವೇ. ನಮ್ಮ ತಾಯಂದಿರು ಒಲೆಯ ಮುಂದೆ ಕೂತು ಕಲಿತ ರುಚಿಯನ್ನು ಬಡವರ ಊಟವೆಂದು ನಾವೇ ಬದಿಗಿಟ್ಟ ಮೇಲೆ, ನಮ್ಮ ಊಟ ಯಾವುದೆಂದು ಪರರಿಗೆ ಗೊತ್ತಾಗುವುದಾದರೂ ಹೇಗೆ?

ಇಷ್ಟೆಲ್ಲ ಸಂಕಟಗಳ ನಡುವೆ ಊಟದ ಮಾತೇಕೆ ಎಂದು ಕೆಲವರು ಕೇಳಬಹುದು. 2022ರ ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕರೆ ಈ ರಾಜ್ಯದಲ್ಲಿ ಎದ್ದಿತ್ತು. ನಮ್ಮ ತಟ್ಟೆಯನ್ನೇ ಅನುಮಾನದಿಂದ ನೋಡುವ ಕಾಲವಿದು. 'ನೀವು ಹೊರಗಿನವರು' ಎಂದು ಬೊಟ್ಟು ಮಾಡಿ ತೋರಿಸುವವರಿಗೆ, 'ಹೌದು, ನೋಡಿ ನಮ್ಮ ಪೇಟ' ಎಂದು ನಾವೇ ಸಾಕ್ಷಿ ಒದಗಿಸಬೇಕೇ? ಇನ್ನೊಂದು ಕಡೆ, 2024ರ ಡಿಸೆಂಬರ್‌ನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಹೊತ್ತಿಗೆ ಬಾಡೂಟ ಬೇಕೆಂದು ಕನ್ನಡಿಗರೇ ದನಿಯೆತ್ತಿದರು. ಬಾಡು ಈ ನೆಲದ ಊಟ ಎಂಬ ಅವರ ಮಾತಿನಲ್ಲಿ ನಮ್ಮ ಸಾಲನ್ನಿಗೂ ಜಾಗವಿದೆ. ಆ ಪಂಕ್ತಿಯಲ್ಲಿ ಕೂರುವುದನ್ನು ಬಿಟ್ಟು ನಾವು ಪ್ಲಾಸ್ಟಿಕ್ಕಿನ ಸಿಂಹಾಸನದ ಮೇಲೆ ಕೂತಿದ್ದೇವೆ.

ಹೋಟೆಲಿನ ಮಾಲೀಕರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ವಾರಕ್ಕೊಂದು ದಿನವಾದರೂ ಜೋಳದ ರೊಟ್ಟಿ, ಅಂಬಾಡಾ ಗೋಷ್ತ್ ಬಡಿಸಿ. ಅದನ್ನು ಬಲ್ಲ ಹೆಂಗಸರು ನಿಮ್ಮ ಓಣಿಯಲ್ಲೇ ಇದ್ದಾರೆ. ಅವರನ್ನು ಕರೆದು ನ್ಯಾಯವಾದ ಸಂಬಳ ಕೊಡಿ. ಮೆನುವಿನಲ್ಲಿ ಕನ್ನಡ ಇರಲಿ. ಗೋಡೆಯ ಮೇಲೆ ಉರ್ದು ಬೇಕೆಂದರೆ, ಉರ್ದು ಶಾಲೆಯ ಒಬ್ಬ ಮಾಸ್ತರರನ್ನು ಕರೆದು ಒಂದು ಚಹಾ ಕೊಟ್ಟರೂ ಸಾಕು, ತಿದ್ದಿಕೊಡುತ್ತಾರೆ.

ಆ ರಾತ್ರಿ ಮನೆಗೆ ಬಂದ ಮೇಲೆ ಅಮ್ಮಿಗೆ ಹಸಿವು. ಡಬ್ಬಿಯಲ್ಲಿ ಮಧ್ಯಾಹ್ನದ ಎರಡು ಕಟಕ ರೊಟ್ಟಿ ಇದ್ದವು. ಶೇಂಗಾ ಚಟ್ನಿ, ಊರಿನಿಂದ ತಂದಿದ್ದ ನಿಂಬೆ ಉಪ್ಪಿನಕಾಯಿ ಹಚ್ಚಿಕೊಂಡು ತಿನ್ನುತ್ತಿದ್ದರು. ಅಷ್ಟರಲ್ಲಿ ಬಾಗಿಲ ಬಳಿ ಟೀಚರ ಮಗ ಬಂದು ನಿಂತ. ಅವನಿಗೂ ಹೊಟ್ಟೆ ತುಂಬಿರಲಿಲ್ಲ. ಅಮ್ಮಿ ಒಂದು ರೊಟ್ಟಿ ಮುರಿದು ಅವನ ಕೈಗಿಟ್ಟರು.